ಒಂದು ಸಂಗತಿಗೆ ಒಂದೇ ಠಾವು: ಕೋಷ್ಟಕಗಳ ಶಿಸ್ತಿನ ಚರಿತ್ರೆ

ಪುಣೆ, ಹೈದರಾಬಾದು, ಚೆನ್ನೈಗಳ ಕನ್ನಡ ಬಳಗಗಳಲ್ಲಿ ತಂತ್ರಾಂಶದ ಕಸುಬಿನವರಿಗೆ ಬರವಿಲ್ಲ. ಅವರಲ್ಲಿ ಹೆಚ್ಚಿನವರು ‘ನಾರ್ಮಲೈಸೇಷನ್’ ಎಂಬ ಪದವನ್ನು ಮೊದಲು ಕೇಳಿದ್ದು ಕಾಲೇಜಿನ ಪರೀಕ್ಷೆಗೆ ಓದುವಾಗ. ಎರಡನೆಯ ಸಲ ಕೇಳಿದ್ದು ಕೆಲಸದ ಸಂದರ್ಶನದಲ್ಲಿ. ಮೊದಲನೆಯ ನಾರ್ಮಲ್ ಫಾರ್ಮ್, ಎರಡನೆಯದು, ಮೂರನೆಯದು ಎಂದು ವ್ಯಾಖ್ಯೆಗಳನ್ನು ಉರುಹೊಡೆದು ಒಪ್ಪಿಸಿ ಮುಂದೆ ಸಾಗಿದವರೇ ಬಹಳ. ಪಠ್ಯಪುಸ್ತಕಗಳು ಈ ರೂಪಗಳನ್ನು ಮಗ್ಗಿಯಂತೆ ಒಂದರ ಕೆಳಗೊಂದು ಜೋಡಿಸಿಬಿಡುತ್ತವೆ. ಅವು ಯಾವ ತೊಂದರೆಗೆ ಉತ್ತರವಾಗಿ ಹುಟ್ಟಿದವು, ಯಾರು ಯಾರೊಡನೆ ವಾದಿಸಿ ಅವನ್ನು ಗೆಲ್ಲಿಸಿದರು, ಯಾವುದನ್ನು ಗೆಲ್ಲಿಸಲಾಗಲಿಲ್ಲ ಎಂಬುದು ಅಲ್ಲಿ ಕಾಣುವುದಿಲ್ಲ. ಗಣಕದ ಕಸುಬು ಅರಿಯದ ಓದುಗರಿಗೂ ಈ ಕಥೆ ಹೊರಗಿನದಲ್ಲ. ನಮ್ಮ ಹೆಸರು, ವಿಳಾಸ, ಸಂಬಳ, ಸಾಲ, ಮಕ್ಕಳ ಅಂಕಪಟ್ಟಿ ಎಲ್ಲವೂ ಇಂದು ಯಾವುದೋ ಕೋಷ್ಟಕದ ಯಾವುದೋ ಸಾಲಿನಲ್ಲಿ ಕುಳಿತಿವೆ. ಆ ಸಾಲುಗಳನ್ನು ಹೇಗೆ ವಿಂಗಡಿಸಬೇಕೆಂಬ ಶಾಸ್ತ್ರ ರೂಪುಗೊಂಡದ್ದು 1969ರಿಂದ 1979ರವರೆಗಿನ ಹತ್ತು ವರ್ಷಗಳಲ್ಲಿ, ಬಹುಮಟ್ಟಿಗೆ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಎಂಬ ಊರಿನ ಒಂದು ಪ್ರಯೋಗಾಲಯದಲ್ಲಿ.

ಅದಕ್ಕೆ ಮುಂಚಿನ ಸ್ಥಿತಿಯನ್ನು ಮೊದಲು ನೋಡಬೇಕು. 1960ರ ದಶಕದಲ್ಲಿ ಅಮೆರಿಕ ಚಂದ್ರನತ್ತ ಮನುಷ್ಯರನ್ನು ಕಳುಹಿಸಲು ಹೊರಟಿತ್ತು. ಅಪೊಲೊ ನೌಕೆಗೂ ಅದನ್ನು ಹೊತ್ತೊಯ್ಯುವ ಸ್ಯಾಟರ್ನ್ ರಾಕೆಟ್ಟಿಗೂ ಬೇಕಾದ ಬಿಡಿಭಾಗಗಳು ಲಕ್ಷಗಟ್ಟಲೆ. ಯಾವ ಭಾಗ ಯಾವ ಭಾಗದೊಳಗೆ ಕೂರುತ್ತದೆ ಎಂಬ ಪಟ್ಟಿಯನ್ನು ನಿಭಾಯಿಸಲು ಐಬಿಎಂ ಕಂಪನಿಯು ವಿಮಾನ ತಯಾರಕರಾದ ನಾರ್ತ್ ಅಮೆರಿಕನ್ ಸಂಸ್ಥೆಯೊಡನೆ ಸೇರಿ ಒಂದು ವ್ಯವಸ್ಥೆಯನ್ನು ಕಟ್ಟಿತು. ಮುಂದೆ ಐಎಂಎಸ್ ಎಂದು ಹೆಸರಾದದ್ದು ಅದೇ. ಅದರಲ್ಲಿ ಮಾಹಿತಿಯ ಆಕಾರ ಮರದಂತೆ: ಬೇರಿನಲ್ಲಿ ಒಂದು ದಾಖಲೆ, ಅದರ ಕೊಂಬೆಗಳಲ್ಲಿ ಅದರ ಮಕ್ಕಳು, ಮೊಮ್ಮಕ್ಕಳು. ಯಂತ್ರವನ್ನು ಬಿಡಿಭಾಗಗಳಾಗಿ ಒಡೆದು ನೋಡುವುದಕ್ಕೆ ಈ ಆಕಾರ ಚೆನ್ನಾಗಿಯೇ ಒಪ್ಪುತ್ತದೆ. ಇದಕ್ಕೂ ಮೊದಲು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಬಾಕ್‌ಮನ್ ಇನ್ನೊಂದು ಬಗೆಯ ವ್ಯವಸ್ಥೆಯನ್ನು ರಚಿಸಿದ್ದರು. ಅದು ಮರಕ್ಕಿಂತ ಬಲೆಯಂತೆ, ಒಂದು ದಾಖಲೆಯಿಂದ ಇನ್ನೊಂದಕ್ಕೆ ಹಲವು ದಾರದ ಕೊಂಡಿಗಳು. ಬಾಕ್‌ಮನ್‌ರಿಗೆ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಅವರು ಪ್ರೋಗ್ರಾಮರನನ್ನು ನಾವಿಕನಿಗೆ ಹೋಲಿಸಿ ಮಾತನಾಡಿದರು. ದತ್ತದ ಕಡಲಿನಲ್ಲಿ ಕೊಂಡಿಯಿಂದ ಕೊಂಡಿಗೆ ದಾರಿ ಹುಡುಕಿಕೊಂಡು ಸಾಗುವವನು ಅವನು.

ತೊಂದರೆಯ ಬೇರು ಇದ್ದುದು ಈ ನಾವಿಕನಲ್ಲೇ. ದಾರಿ ಗೊತ್ತಿದ್ದವನಿಗೆ ಮಾತ್ರ ಮಾಹಿತಿ ಸಿಗುತ್ತದೆ. ಯೋಜನೆಯ ಕೆಳಗೆ ಅದರ ಬಿಡಿಭಾಗಗಳನ್ನು ಇಟ್ಟಿದ್ದರೆ ‘ಈ ಯೋಜನೆಗೆ ಯಾವ ಭಾಗಗಳು ಬೇಕು’ ಎಂಬ ಪ್ರಶ್ನೆಗೆ ಉತ್ತರ ಸುಲಭ; ‘ಈ ಭಾಗವನ್ನು ಯಾವ ಯಾವ ಯೋಜನೆಗಳು ಬಳಸುತ್ತವೆ’ ಎಂದರೆ ಇಡೀ ಮರವನ್ನು ಜಾಲಾಡಬೇಕು. ಆ ಪ್ರಶ್ನೆಗಾಗಿ ಮರವನ್ನು ತಲೆಕೆಳಗು ಮಾಡಿದರೆ ಹಳೆಯ ಪ್ರೋಗ್ರಾಮುಗಳೆಲ್ಲ ಮುರಿದುಬೀಳುತ್ತವೆ. ಭಾಗಗಳು ಮತ್ತು ಯೋಜನೆಗಳು ಎಂಬ ಎರಡೇ ಸಂಗತಿಗಳನ್ನು ಐದು ಬೇರೆ ಬೇರೆ ಮರಗಳಾಗಿ ಜೋಡಿಸಬಹುದೆಂದೂ, ಒಂದಕ್ಕೆಂದು ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ನಡೆಯದೆಂದೂ ತೋರಿಸಿಕೊಟ್ಟವರು ಎಡ್ಗರ್ ಕಾಡ್. ದಾಖಲೆ ನೂರು ವರ್ಷ ಉಳಿಯಬೇಕಾದದ್ದು, ಪ್ರೋಗ್ರಾಮು ಐದು ವರ್ಷ ಬಾಳಿದರೆ ಹೆಚ್ಚು. ಬಾಳುವ ವಸ್ತುವನ್ನು ಬಾಳದ ವಸ್ತುವಿನ ಅಡಿಯಾಳಾಗಿಸಿದ್ದು ಅಂದಿನ ಪದ್ಧತಿಯ ದೋಷ.

ಕಾಡ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ಎಂಬಲ್ಲಿ. ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಚಾಲಕರಾಗಿದ್ದರು. 1948ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಂ ಸೇರಿದರು. ಸೆನೆಟರ್ ಮೆಕಾರ್ಥಿಯ ಬೇಟೆಯ ರಾಜಕಾರಣ ಸಹಿಸಲಾರದೆ 1953ರಲ್ಲಿ ಕೆನಡಾಕ್ಕೆ ನಡೆದುಬಿಟ್ಟು, ಕೆಲವು ವರ್ಷಗಳ ಮೇಲೆ ಮರಳಿ ಬಂದರು. ನಾಲ್ವತ್ತು ದಾಟಿದ ಮೇಲೆ, 1965ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಿಷಯ ತಮ್ಮನ್ನು ತಾವೇ ಪ್ರತಿ ಮಾಡಿಕೊಳ್ಳಬಲ್ಲ ಕೋಶಯಂತ್ರಗಳು. ತನ್ನ ಪ್ರತಿಯನ್ನು ತಾನೇ ಹುಟ್ಟಿಸುವ ಯಂತ್ರದ ಬಗ್ಗೆ ಪ್ರಬಂಧ ಬರೆದವರು ಮುಂದೆ ಪ್ರತಿಗಳ ಹಾವಳಿಯನ್ನು ತಡೆಯುವ ಶಾಸ್ತ್ರವನ್ನು ಕಟ್ಟಿದರೆಂಬುದು ಕಾಕತಾಳೀಯವಿರಬಹುದು, ಆದರೆ ನೆನಪಿಡಲು ಚೆನ್ನಾಗಿದೆ.

ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯಕ್ಕೆ ಬಂದ ಕಾಡ್, 1969ರ ಆಗಸ್ಟಿನಲ್ಲಿ ಒಂದು ಆಂತರಿಕ ವರದಿ ಬರೆದರು. ಅದನ್ನು ಬೆಳೆಸಿ ತಿದ್ದಿದ ಪ್ರಬಂಧ 1970ರ ಜೂನ್ ತಿಂಗಳಲ್ಲಿ ಅಮೆರಿಕದ ಗಣಕ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಚ್ಚು ಪುಟಗಳ ಪ್ರಬಂಧವೇನಲ್ಲ. ಅದರ ವಾದ ಇಷ್ಟು: ದತ್ತವನ್ನು ಬಳಸುವವನಿಗೆ ಅದು ಯಂತ್ರದೊಳಗೆ ಹೇಗೆ ಇಡಲ್ಪಟ್ಟಿದೆಯೆಂಬುದು ಗೊತ್ತಿರಬೇಕಾಗಿಲ್ಲ, ಗೊತ್ತಿರಬಾರದು. ಮರವನ್ನೂ ಬಲೆಯನ್ನೂ ಬಿಟ್ಟು, ಗಣಿತದ ಗಣಸಿದ್ಧಾಂತದಲ್ಲಿರುವ ‘ಸಂಬಂಧ’ ಎಂಬ ಕಲ್ಪನೆಯನ್ನು ಹಿಡಿಯೋಣ. ನಮ್ಮ ಶಾಲೆಯ ಗಣಿತ ಪುಸ್ತಕದಲ್ಲಿ ಗಣಗಳ ಪಾಠವಾದ ಮೇಲೆ ಬರುವ ಸಂಬಂಧವೇ ಇದು. ಬಂಧುತ್ವಕ್ಕೂ ಇದಕ್ಕೂ ನಂಟಿಲ್ಲ. ಸಂಬಂಧವನ್ನು ಕಾಗದದ ಮೇಲೆ ಬರೆದರೆ ಕೋಷ್ಟಕದಂತೆ ಕಾಣುತ್ತದೆ: ಪ್ರತಿ ಅಡ್ಡಸಾಲು ಒಂದು ನಿಜಸಂಗತಿ, ಪ್ರತಿ ಕಂಬಸಾಲು ಆ ಸಂಗತಿಯ ಒಂದು ಅಂಶ. ಸಾಲುಗಳ ಹಿಂದುಮುಂದಿಗೆ ಅರ್ಥವಿಲ್ಲ, ಒಂದೇ ಸಾಲು ಎರಡು ಸಲ ಬರುವಂತಿಲ್ಲ. ಒಂದು ಸಾಲನ್ನು ಮಿಕ್ಕವುಗಳಿಂದ ಬೇರೆ ಮಾಡಿ ಗುರುತಿಸುವ ಕಂಬಸಾಲಿಗೆ ಅಥವಾ ಕಂಬಸಾಲುಗಳ ಜೋಡಣೆಗೆ ಕೀಲಿ ಎಂದು ಹೆಸರು.

ಇಲ್ಲಿ ಬರುತ್ತದೆ ನಾರ್ಮಲೈಸೇಷನ್ನಿನ ಮೊದಲ ಹೆಜ್ಜೆ. ಕಾಡ್ ಕೊಟ್ಟ ಉದಾಹರಣೆ ನೌಕರರದು. ನೌಕರನಿಗೆ ಒಂದು ಸಂಖ್ಯೆ, ಹೆಸರು, ಹುಟ್ಟಿದ ದಿನ ಇವೆ. ಜೊತೆಗೆ ಅವನು ವಹಿಸಿದ ಹುದ್ದೆಗಳ ಇತಿಹಾಸವಿದೆ, ಅವನ ಮಕ್ಕಳಿದ್ದಾರೆ. ಪ್ರತಿ ಹುದ್ದೆಯೊಳಗೆ ಮತ್ತೆ ಸಂಬಳದ ಇತಿಹಾಸ. ಮರದ ಪದ್ಧತಿಯಲ್ಲಾದರೆ ನೌಕರನ ಹೊಟ್ಟೆಯಲ್ಲಿ ಹುದ್ದೆ, ಹುದ್ದೆಯ ಹೊಟ್ಟೆಯಲ್ಲಿ ಸಂಬಳ. ಕಾಡ್ ಇದನ್ನು ಬಿಡಿಸಿ ನಾಲ್ಕು ಕೋಷ್ಟಕ ಮಾಡಿದರು. ನೌಕರನ ಸಂಖ್ಯೆಯನ್ನು ಕೈಯಲ್ಲಿ ಹಿಡಿದುಕೊಂಡು ಹುದ್ದೆಗಳ ಕೋಷ್ಟಕ ಹೊರಬಂತು, ನೌಕರನ ಸಂಖ್ಯೆಯನ್ನೂ ಹುದ್ದೆಗೇರಿದ ದಿನವನ್ನೂ ಹಿಡಿದುಕೊಂಡು ಸಂಬಳದ ಕೋಷ್ಟಕ ಹೊರಬಂತು, ಮಕ್ಕಳದು ಇನ್ನೊಂದು. ಈಗ ಯಾವ ಕೋಷ್ಟಕದ ಯಾವ ಮನೆಯಲ್ಲೂ ಒಂದಕ್ಕಿಂತ ಹೆಚ್ಚು ಮೌಲ್ಯವಿಲ್ಲ. ಮುಂದೆ ಮೊದಲನೆಯ ನಾರ್ಮಲ್ ಫಾರ್ಮ್ ಎನಿಸಿಕೊಂಡದ್ದು ಇದು. ಮಕ್ಕಳ ಕೋಷ್ಟಕದಿಂದ ನೇರವಾಗಿ ಮಕ್ಕಳ ಬಗ್ಗೆ ಕೇಳಬಹುದು, ತಂದೆಯ ಬಾಗಿಲಿನಿಂದಲೇ ಒಳಹೋಗಬೇಕಾಗಿಲ್ಲ.

‘ಒಂದು ಮನೆಗೆ ಒಂದೇ ಮೌಲ್ಯ, ಅದೂ ಮತ್ತೆ ಒಡೆಯಲಾಗದ್ದು’ ಎಂಬ ಮಾತು ಕೇಳಲು ಸರಳ. ಒಡೆಯಲಾಗದ್ದು ಯಾವುದು ಎಂಬುದನ್ನು ಮಾತ್ರ ಗಣಿತ ಹೇಳಲಾರದು. ಹೊರನಾಡಿನ ಕನ್ನಡಿಗರಿಗೆ ಇದರ ಅನುಭವ ಚೆನ್ನಾಗಿದೆ. ಊರಿನ ಹೆಸರೂ ತಂದೆಯ ಹೆಸರೂ ಎರಡು ಅಕ್ಷರಗಳಾಗಿ ಸ್ವಂತ ಹೆಸರಿನ ಮುಂದೆ ನಿಂತವರು ಮುಂಬಯಿಗೆ ಬಂದು ಅರ್ಜಿ ತುಂಬುವಾಗ ಅಲ್ಲಿ ಮೂರು ಮನೆಗಳಿರುತ್ತವೆ: ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಆಡನಾವ. ಅಡ್ಡಹೆಸರೇ ಇಲ್ಲದವರು ಮೂರನೆಯ ಮನೆಯಲ್ಲಿ ಊರನ್ನು ಬರೆಯುತ್ತಾರೆ, ಅಥವಾ ಅಪ್ಪನನ್ನು ಎರಡು ಸಲ ಬರೆಯುತ್ತಾರೆ. ಮರಾಠಿ ಮನೆಯ ಹೆಸರು ಮೂರಾಗಿ ಒಡೆಯುವಂಥದ್ದು. ಮೈಸೂರು ಸೀಮೆಯ ಹೆಸರು ಹಾಗೆ ಒಡೆಯುವುದಿಲ್ಲ. ಯಾವ ಮೌಲ್ಯ ಅಖಂಡವೆಂದು ತೀರ್ಮಾನಿಸುವವರು ಕೋಷ್ಟಕದ ವಿನ್ಯಾಸಕಾರರು, ಅವರು ಯಾವ ನಾಡಿನವರೆಂಬುದು ಆ ತೀರ್ಮಾನದಲ್ಲಿ ಸೇರಿಯೇ ಇರುತ್ತದೆ. ‘ಅಖಂಡ’ ಎಂಬುದಕ್ಕೆ ನಿರಪೇಕ್ಷವಾದ ಅರ್ಥವಿಲ್ಲವೆಂದು ಕಾಡ್‌ರ ಸಹವರ್ತಿ ಕ್ರಿಸ್ ಡೇಟ್ ಮುಂದೆ ವಾದಿಸಿದರು. ಅವರ ವಾದ ಸರಿಯೆಂದೇ ನನ್ನ ಎಣಿಕೆ.

ಈ ಪದದ ಹುಟ್ಟಿನ ಬಗ್ಗೆ ಒಂದು ರಂಜಕವಾದ ಕಥೆ ಚಲಾವಣೆಯಲ್ಲಿದೆ, ಅದಕ್ಕೆ ಮೂಲ ಸ್ವತಃ ಕಾಡ್. ಅಧ್ಯಕ್ಷ ನಿಕ್ಸನ್ ಆಗ ಚೀನಾದೊಡನೆ ಸಂಬಂಧವನ್ನು ‘ನಾರ್ಮಲೈಸ್’ ಮಾಡುವ ಮಾತಾಡುತ್ತಿದ್ದರು, ಅವರು ಸಂಬಂಧಗಳನ್ನು ಸರಿಪಡಿಸಬಹುದಾದರೆ ತಾನೂ ಸರಿಪಡಿಸಬಹುದಲ್ಲ ಎಂದುಕೊಂಡೆ ಎಂಬ ಅರ್ಥದಲ್ಲಿ ಅವರು ಎಷ್ಟೋ ವರ್ಷಗಳ ಬಳಿಕ ಸಂದರ್ಶನವೊಂದರಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಎರಡೂ ಬಗೆಯ ಸಂಬಂಧಕ್ಕೆ ಒಂದೇ ಪದವಾದ್ದರಿಂದ ಶ್ಲೇಷೆ ಚೆನ್ನಾಗಿ ಕೂರುತ್ತದೆ, ಅದೃಷ್ಟವಶಾತ್ ಕನ್ನಡದಲ್ಲೂ ಕೂರುತ್ತದೆ. ಆದರೆ ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅನುಮಾನ ಹುಟ್ಟುತ್ತದೆ. ಕಿಸಿಂಜರ್ ಗುಟ್ಟಾಗಿ ಪೀಕಿಂಗಿಗೆ ಹೋದದ್ದು 1971ರ ಜುಲೈಯಲ್ಲಿ, ನಿಕ್ಸನ್ ಹೋದದ್ದು 1972ರ ಫೆಬ್ರವರಿಯಲ್ಲಿ. ಕಾಡ್‌ರ ಪ್ರಬಂಧದಲ್ಲಿ ಈ ಪದ 1970ರ ಜೂನಿಗಾಗಲೇ ಅಚ್ಚಾಗಿತ್ತು. ಚೀನಾದ ಮಾತು ಅದಕ್ಕೂ ಮುಂಚೆ ಸುಳಿದಾಡುತ್ತಿದ್ದಿರಬಹುದು. ಆದರೂ ‘ನಾರ್ಮಲ್ ಫಾರ್ಮ್’ ಎಂಬುದು ಗಣಿತಕ್ಕೂ ತರ್ಕಶಾಸ್ತ್ರಕ್ಕೂ ಹಳೆಯ ಪರಿಭಾಷೆ, ಗಣಿತ ಓದಿದವರಿಗೆ ಅದು ನಿಕ್ಸನ್ನರಿಂದ ಸಿಗಬೇಕಾಗಿರಲಿಲ್ಲ. ವಯಸ್ಸಾದ ವಿದ್ವಾಂಸರು ಸಂದರ್ಶಕರಿಗೆ ಹೇಳಿದ ಹಾಸ್ಯವೆಂದು ತಿಳಿದು ಸಂತೋಷಪಡುವುದು ಲೇಸು.

ನಿಜವಾದ ಹೆಜ್ಜೆ ಬಿದ್ದದ್ದು 1971ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವಿಚಾರಸಂಕಿರಣವೊಂದರಲ್ಲಿ ಕಾಡ್ ಓದಿದ ಪ್ರಬಂಧದಲ್ಲಿ ಎರಡನೆಯ ಮತ್ತು ಮೂರನೆಯ ರೂಪಗಳ ವ್ಯಾಖ್ಯೆಯಿದೆ. ಅವರ ಉದಾಹರಣೆಗಳು ಸರಕು ಪೂರೈಕೆದಾರರವು, ಇಲಾಖೆಗಳವು. ನಮಗೆ ಹತ್ತಿರದ ಒಂದು ಕಲ್ಪಿತ ಉದಾಹರಣೆಯಿಂದ ಅದನ್ನು ನೋಡೋಣ. ಒಂದು ಕನ್ನಡ ಸಂಘದ ಗ್ರಂಥಾಲಯದಲ್ಲಿ ಉದ್ದನೆಯ ಒಂದೇ ರಿಜಿಸ್ಟರು ಇದೆಯೆನ್ನಿ. ಪ್ರತಿ ಸಾಲಿನಲ್ಲಿ ಸದಸ್ಯ ಸಂಖ್ಯೆ, ಸದಸ್ಯರ ಹೆಸರು, ವಿಳಾಸ, ಪುಸ್ತಕದ ಸಂಖ್ಯೆ, ಪುಸ್ತಕದ ಹೆಸರು, ಲೇಖಕರು, ಲೇಖಕರ ಊರು, ಪುಸ್ತಕ ಕೊಂಡೊಯ್ದ ದಿನ. ಸದಸ್ಯರೊಬ್ಬರು ನಲವತ್ತು ಪುಸ್ತಕ ಓದಿದ್ದಾರೆ, ಹಾಗಾಗಿ ಅವರ ಮಾಟುಂಗದ ವಿಳಾಸ ನಲವತ್ತು ಸಾಲುಗಳಲ್ಲಿದೆ. ಅವರು ಡೊಂಬಿವಲಿಗೆ ಮನೆ ಬದಲಾಯಿಸಿದರು. ಗುಮಾಸ್ತರು ಮೂವತ್ತೇಳು ಸಾಲು ತಿದ್ದಿ ಮೂರನ್ನು ಮರೆತರು. ಈಗ ರಿಜಿಸ್ಟರಿನ ಪ್ರಕಾರ ಅವರು ಎರಡೂ ಕಡೆ ವಾಸವಾಗಿದ್ದಾರೆ. ಇದು ತಿದ್ದುವಾಗಿನ ದೋಷ. ಹೊಸ ಪುಸ್ತಕವೊಂದು ಬಂತು, ಇನ್ನೂ ಯಾರೂ ಒಯ್ದಿಲ್ಲ. ಒಯ್ದ ಸದಸ್ಯರಿಲ್ಲದ ಸಾಲು ಬರೆಯುವಂತಿಲ್ಲವಾದ್ದರಿಂದ ಆ ಪುಸ್ತಕಕ್ಕೆ ರಿಜಿಸ್ಟರಿನಲ್ಲಿ ಜಾಗವೇ ಇಲ್ಲ. ಇದು ಸೇರಿಸುವಾಗಿನ ದೋಷ. ಒಂದು ಪುಸ್ತಕವನ್ನು ಒಬ್ಬರೇ ಒಯ್ದಿದ್ದರು. ಹಳೆಯ ನಮೂದುಗಳನ್ನು ಅಳಿಸುವಾಗ ಆ ಸಾಲೂ ಅಳಿಯಿತು, ಪುಸ್ತಕ ನಮ್ಮಲ್ಲಿದೆಯೆಂಬ ಕುರುಹೇ ಹೋಯಿತು. ಇದು ಅಳಿಸುವಾಗಿನ ದೋಷ. ಕಾಡ್ ತಮ್ಮ ನಿಯಮಗಳ ಗುರಿಯೆಂದು ಮೊದಲು ಹೇಳಿದ್ದು ಈ ಮೂರರಿಂದ ಬಿಡುಗಡೆಯನ್ನೇ.

ರೋಗದ ಕಾರಣವನ್ನು ಅವರು ಗುರುತಿಸಿದ ಬಗೆಯಲ್ಲಿ ಅವರ ಸೂಕ್ಷ್ಮವಿದೆ. ಸಾಲನ್ನು ಗುರುತಿಸುವ ಕೀಲಿ ಇಲ್ಲಿ ಮೂರು ಅಂಶಗಳದು: ಸದಸ್ಯ ಸಂಖ್ಯೆ, ಪುಸ್ತಕ ಸಂಖ್ಯೆ, ದಿನ. ಆದರೆ ವಿಳಾಸ ತಿಳಿಯಲು ಸದಸ್ಯ ಸಂಖ್ಯೆಯೊಂದೇ ಸಾಕು. ಅದು ಕೀಲಿಯ ಒಂದು ತುಂಡನ್ನು ಮಾತ್ರ ಅವಲಂಬಿಸಿದೆ. ಹೀಗೆ ತುಂಡು ಕೀಲಿಗೆ ಜೋತುಬಿದ್ದ ಅಂಶಗಳನ್ನು ಬೇರೆ ಕೋಷ್ಟಕಕ್ಕೆ ಒಯ್ದರೆ ಎರಡನೆಯ ರೂಪ: ಸದಸ್ಯರದೊಂದು, ಪುಸ್ತಕಗಳದೊಂದು, ಕೊಂಡೊಯ್ದದ್ದರದೊಂದು. ಇನ್ನೂ ಒಂದು ತೊಡಕು ಉಳಿದಿದೆ. ಪುಸ್ತಕಗಳ ಕೋಷ್ಟಕದಲ್ಲಿ ಲೇಖಕರ ಊರು ಪುಸ್ತಕದ ಬಗೆಗಿನ ಸಂಗತಿಯಲ್ಲ, ಲೇಖಕರ ಬಗೆಗಿನದು. ಪುಸ್ತಕದಿಂದ ಲೇಖಕರಿಗೆ, ಲೇಖಕರಿಂದ ಊರಿಗೆ ಎಂಬ ಎರಡು ಮೆಟ್ಟಿಲಿನ ಅವಲಂಬನೆ ಅದು. ಕಾರಂತರ ಮೂವತ್ತು ಪುಸ್ತಕಗಳಿದ್ದರೆ ಒಂದರ ಮುಂದೆ ಕೋಟ, ಇನ್ನೊಂದರ ಮುಂದೆ ಪುತ್ತೂರು, ಮತ್ತೊಂದರ ಮುಂದೆ ಸಾಲಿಗ್ರಾಮ ಎಂದು ಬರೆದಿರುತ್ತದೆ. ಬರೆದವರು ಮೂವರೂ ತಿಳಿದವರೇ, ತಪ್ಪು ಯಾರದೂ ಅಲ್ಲ. ಲೇಖಕರಿಗೆ ಬೇರೆ ಕೋಷ್ಟಕ ಮಾಡಿದರೆ ಮೂರನೆಯ ರೂಪ. ಕಾರಂತರ ಊರು ಯಾವುದೆಂಬ ಚರ್ಚೆ ಆಗಲೂ ಮುಗಿಯುವುದಿಲ್ಲ, ಆದರೆ ಒಂದೇ ಸಾಲಿನಲ್ಲಿ ನಡೆಯುತ್ತದೆ.

ಸದಸ್ಯ ಸಂಖ್ಯೆ ಈಗಲೂ ಎರಡು ಕೋಷ್ಟಕಗಳಲ್ಲಿ ಬಂತಲ್ಲ, ಅದೂ ಪುನರುಕ್ತಿಯಲ್ಲವೇ ಎಂದು ಕೇಳಬಹುದು. ನಮ್ಮ ನ್ಯಾಯಶಾಸ್ತ್ರದವರು ಇಂಥದೇ ಪ್ರಶ್ನೆಯನ್ನು ಎದುರಿಸಿದ್ದರು. ವಾದದಲ್ಲಿ ಪುನರುಕ್ತಿ ಸೋಲಿಗೆ ಕಾರಣವಾಗುವ ದೋಷವೆಂದು ನ್ಯಾಯಸೂತ್ರ ಹೇಳುತ್ತದೆ, ಆದರೆ ಪ್ರಯೋಜನಕ್ಕಾಗಿ ಮರುನುಡಿಯುವ ‘ಅನುವಾದ’ವನ್ನು ಆ ದೋಷದಿಂದ ಹೊರಗಿಡುತ್ತದೆ. ಸದಸ್ಯ ಸಂಖ್ಯೆಯ ಮರುಬಳಕೆ ಅನುವಾದದ ಜಾತಿಯದು. ಎರಡು ಕೋಷ್ಟಕಗಳನ್ನು ಬೇಕಾದಾಗ ಮತ್ತೆ ಹೊಂದಿಸುವ ಕೊಂಡಿ ಅದು. ವಿಳಾಸದ ಮರುಬಳಕೆ ಬರಿಯ ಪುನರುಕ್ತಿ. ಸಾವಿರಾರು ಮೈಲಿ ಆಚೆಯ, ಎಷ್ಟೋ ಶತಮಾನಗಳ ಅಂತರದ ಈ ಎರಡು ಶಾಸ್ತ್ರಗಳಿಗೆ ಚಾರಿತ್ರಿಕ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಎಲ್ಲವೂ ನಮ್ಮಲ್ಲೇ ಇತ್ತೆನ್ನುವ ಚಟ ಬೇಡ. ವಿಂಗಡಣೆ ಒಂದೇ ಬಗೆಯದು, ಅಷ್ಟೆ.

ಡಿಸ್ಕು ದುಬಾರಿಯಾಗಿದ್ದ ಕಾಲದಲ್ಲಿ ಜಾಗ ಉಳಿಸಲು ಈ ನಿಯಮಗಳನ್ನು ಮಾಡಿದರು, ಈಗ ಡಿಸ್ಕು ಅಗ್ಗವಾದ್ದರಿಂದ ಅವು ಬೇಡ ಎಂಬ ಮಾತು ಇಂದಿನ ತಂತ್ರಾಂಶ ಕಚೇರಿಗಳಲ್ಲಿ ಪದೇಪದೇ ಕೇಳಿಬರುತ್ತದೆ. ಡಿಸ್ಕು ದುಬಾರಿಯಾಗಿತ್ತೆಂಬುದು ನಿಜ. 1970ರಲ್ಲಿ ಐಬಿಎಂ ಹೊರತಂದ ಹೊಸ ಡಿಸ್ಕಿನ ಒಂದು ಕಟ್ಟಿನಲ್ಲಿ ಹಿಡಿಯುತ್ತಿದ್ದುದು 100 ಮೆಗಾಬೈಟು. ಇಂದು ಕಿಸೆಯಲ್ಲಿರುವ ಫೋನಿನ ಕೆಲವು ನಿಮಿಷಗಳ ವಿಡಿಯೊಗೂ ಅದು ಸಾಲದು. ಆದರೂ ಈ ವಾದ ಚರಿತ್ರೆಗೆ ಹೊಂದುವುದಿಲ್ಲ. ಕಾಡ್‌ರ ಪ್ರಬಂಧಗಳ ಕಾಳಜಿ ಸುಸಂಗತಿಯದು. ಎರಡು ಸಾಲುಗಳು ಒಂದೇ ಸಂಗತಿಯ ಬಗ್ಗೆ ಎರಡು ಮಾತಾಡಿದರೆ ಯಾವುದು ನಿಜವೆಂದು ಯಂತ್ರಕ್ಕೆ ತಿಳಿಯದು, ಯಂತ್ರವನ್ನು ನಂಬಿದ ಮನುಷ್ಯನಿಗೂ ತಿಳಿಯದು. ಡಿಸ್ಕಿನ ಬೆಲೆ ಸೊನ್ನೆಯಾದರೂ ಈ ತೊಂದರೆ ಇಳಿಯುವುದಿಲ್ಲ, ಪ್ರತಿಗಳು ಹೆಚ್ಚಾದಷ್ಟೂ ಬೆಳೆಯುತ್ತದೆ. ಪಿಂಚಣಿಯ ಕಾಗದ ಹಳೆಯ ವಿಳಾಸಕ್ಕೇ ಹೋಗುತ್ತಿರುವ ಮುದುಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಮಿತಿಯನ್ನು ಮಾತ್ರ ಒಪ್ಪಬೇಕು: ಈ ಶಿಸ್ತು ಒಂದು ದತ್ತಸಂಚಯದ ಗೋಡೆಯೊಳಗಿನದು. ಬ್ಯಾಂಕಿನಲ್ಲಿ ಒಂದು ಕಾಗುಣಿತ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕಾಗುಣಿತವಾಗಿ ಬದುಕುವ ನಮ್ಮ ಹೆಸರುಗಳನ್ನು ಮೂರನೆಯ ರೂಪವೂ ಸರಿಪಡಿಸದು.

ಮೂರನೆಯ ರೂಪದಲ್ಲೂ ಒಂದು ಕಂಡಿಯಿತ್ತು. ಮೇಲಿನ ಸಂಘವೇ ಮಕ್ಕಳಿಗೆ ಕನ್ನಡ, ಸಂಗೀತ, ಯಕ್ಷಗಾನ ಕಲಿಸುತ್ತದೆಯೆನ್ನಿ. ಒಂದು ವಿಷಯಕ್ಕೆ ಹಲವು ಶಿಕ್ಷಕರು ಇರಬಹುದು, ಆದರೆ ಒಬ್ಬ ಶಿಕ್ಷಕರು ಒಂದೇ ವಿಷಯ ಕಲಿಸುತ್ತಾರೆ. ಒಂದು ಮಗುವಿಗೆ ಒಂದು ವಿಷಯದಲ್ಲಿ ಒಬ್ಬರೇ ಶಿಕ್ಷಕರು. ಮಗು, ವಿಷಯ, ಶಿಕ್ಷಕ ಎಂಬ ಕೋಷ್ಟಕ ಮೂರನೆಯ ರೂಪದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಹಾಗಿದ್ದೂ ಯಕ್ಷಗಾನದ ಗುರುಗಳು ಯಕ್ಷಗಾನ ಕಲಿಸುತ್ತಾರೆಂಬ ಸಂಗತಿ ಅವರ ಶಿಷ್ಯರ ಸಂಖ್ಯೆಯಷ್ಟು ಸಲ ಬರೆಯಲ್ಪಡುತ್ತದೆ. ಈ ಕಂಡಿಯನ್ನು ಮುಚ್ಚುವ ಬಿಗಿಯಾದ ವ್ಯಾಖ್ಯೆ 1974ರಲ್ಲಿ ಬಂತು, ಅದಕ್ಕೆ ಬಾಯ್ಸ್–ಕಾಡ್ ರೂಪವೆಂದು ಹೆಸರು. ಯಾವುದೇ ಅಂಶ ಇನ್ನೊಂದನ್ನು ನಿರ್ಧರಿಸುತ್ತದೆಯಾದರೆ ಆ ನಿರ್ಧರಿಸುವ ಅಂಶವೇ ಕೀಲಿಯಾಗಿರಬೇಕು ಎಂಬುದು ಅದರ ಸಾರ. ವಾಸ್ತವವಾಗಿ ಇದಕ್ಕೆ ಸಮನಾದ ವ್ಯಾಖ್ಯೆಯನ್ನು ಇಯನ್ ಹೀತ್ 1971ರಲ್ಲೇ ಕೊಟ್ಟಿದ್ದರು. ಹೆಸರು ಮಾತ್ರ ಅವರಿಗೆ ಅಂಟಲಿಲ್ಲ. ಶಾಸ್ತ್ರಗಳ ಚರಿತ್ರೆಯಲ್ಲಿ ಇದು ಹೊಸದಲ್ಲ.

ರೇಮಂಡ್ ಬಾಯ್ಸ್ ಹೆಸರನ್ನು ಪರೀಕ್ಷೆಯ ಹಾಳೆಗಳಲ್ಲಿ ಬರೆದ ಲಕ್ಷಾಂತರ ವಿದ್ಯಾರ್ಥಿಗಳಿಗೆ ಆ ಮನುಷ್ಯನ ಬಗ್ಗೆ ಏನೂ ತಿಳಿದಿರುವುದಿಲ್ಲ. ಅವರು ಐಬಿಎಂ ಸೇರಿದ ಯುವ ಸಂಶೋಧಕ. ಡಾನ್ ಚೇಂಬರ್ಲಿನ್ ಎಂಬ ಗೆಳೆಯನೊಡನೆ ಕೂಡಿ, ಕಾಡ್‌ರ ಗಣಿತವನ್ನು ಸಾಮಾನ್ಯರ ಇಂಗ್ಲಿಷಿಗೆ ಹತ್ತಿರ ತರುವ ಪ್ರಶ್ನಭಾಷೆಯೊಂದನ್ನು ರಚಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ಬಲೆಯ ಪದ್ಧತಿಯಲ್ಲಿ ಪುಟಗಟ್ಟಲೆ ಪ್ರೋಗ್ರಾಮು ಬೇಡುವ ಪ್ರಶ್ನೆಯನ್ನು ಕಾಡ್ ಒಂದೇ ಸಾಲಿನಲ್ಲಿ ಬರೆದು ತೋರಿಸಿದಾಗ ತಾನು ಬೆರಗಾದುದನ್ನು ಚೇಂಬರ್ಲಿನ್ ಆಮೇಲೆ ಹಲವು ಸಲ ನೆನೆದಿದ್ದಾರೆ. 1974ರ ಮೇ ತಿಂಗಳಲ್ಲಿ ಆನ್ ಆರ್ಬರ್ ನಗರದ ಸಮ್ಮೇಳನದಲ್ಲಿ ಈ ಭಾಷೆ ಮೊದಲ ಸಲ ಬೆಳಕು ಕಂಡಿತು. ಮುಂದಿನ ತಿಂಗಳೇ ಬಾಯ್ಸ್ ಮಿದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡರು. ಮೂವತ್ತು ತುಂಬಿರಲಿಲ್ಲ.

ಬಾಯ್ಸ್–ಕಾಡ್ ರೂಪಕ್ಕೆ ತೆರಬೇಕಾದ ಬೆಲೆಯೂ ಇದೆ. ಮೇಲಿನ ತರಗತಿಗಳ ಕೋಷ್ಟಕವನ್ನು ‘ಶಿಕ್ಷಕ–ವಿಷಯ’, ‘ಮಗು–ಶಿಕ್ಷಕ’ ಎಂದು ಎರಡಾಗಿ ಒಡೆದರೆ ಪುನರುಕ್ತಿ ಹೋಗುತ್ತದೆ. ಆದರೆ ‘ಒಂದು ಮಗುವಿಗೆ ಒಂದು ವಿಷಯದಲ್ಲಿ ಒಬ್ಬರೇ ಶಿಕ್ಷಕರು’ ಎಂಬ ನಿಯಮವನ್ನು ಯಾವುದೇ ಒಂದು ಕೋಷ್ಟಕವನ್ನು ನೋಡಿ ಪರಿಶೀಲಿಸಲಾಗುವುದಿಲ್ಲ. ಮೂರನೆಯ ರೂಪವನ್ನು ನಿಯಮಗಳನ್ನು ಕಳೆದುಕೊಳ್ಳದೆ ಯಾವಾಗಲೂ ತಲುಪಬಹುದೆಂದು ಫಿಲಿಪ್ ಬರ್ನ್‌ಸ್ಟೈನ್ 1976ರಲ್ಲಿ ತೋರಿಸಿದರು, ಅದಕ್ಕಿಂತ ಮೇಲಿನದಕ್ಕೆ ಆ ಖಾತರಿ ಇಲ್ಲ. ಪಠ್ಯಪುಸ್ತಕಗಳು ಮೇಲಿನ ರೂಪವೆಲ್ಲ ಉತ್ತಮ ರೂಪವೆಂಬ ಭಾವನೆ ಹುಟ್ಟಿಸುವಾಗ ಈ ಕೊಡುಕೊಳ್ಳುವಿಕೆ ಮರೆಯಾಗುತ್ತದೆ. ಭಾರತದ ತರಗತಿಗಳಲ್ಲಿ ಬಹಳವಾಗಿ ಓದಿಸಲ್ಪಡುವ, ಐಐಟಿ ಬಾಂಬೆಯ ಎಸ್. ಸುದರ್ಶನ್ ಸಹಲೇಖಕರಾಗಿರುವ ಗ್ರಂಥವು ಇದನ್ನು ಸಾವಧಾನವಾಗಿ ವಿವರಿಸುತ್ತದೆ. ಪರೀಕ್ಷೆಗೆಂದು ಅಚ್ಚಾಗುವ ಗೈಡುಗಳು ಆ ಪುಟಗಳನ್ನು ಬಿಟ್ಟುಬಿಡುತ್ತವೆ.

ಉಳಿದ ರೂಪಗಳ ಕಥೆ ಚಿಕ್ಕದು. ಐಬಿಎಂನ ರೊನಾಲ್ಡ್ ಫೇಗಿನ್ 1977ರಲ್ಲಿ ನಾಲ್ಕನೆಯದನ್ನೂ 1979ರಲ್ಲಿ ಐದನೆಯದನ್ನೂ ಕೊಟ್ಟರು. ಮೂರು ಭಾಷೆ ಬಲ್ಲ, ಎರಡು ಸಮಿತಿಗಳಲ್ಲಿರುವ ಸದಸ್ಯರೊಬ್ಬರನ್ನು ಒಂದೇ ಕೋಷ್ಟಕದಲ್ಲಿ ಬರೆಯಹೊರಟರೆ ಆರು ಸಾಲು ಬೇಕು. ತುಳುವಿಗೂ ನಾಟಕ ಸಮಿತಿಗೂ ಇಲ್ಲದ ನಂಟನ್ನು ಆ ಸಾಲುಗಳು ಹುಟ್ಟಿಸುತ್ತವೆ. ಅದನ್ನು ಬೇರ್ಪಡಿಸುವುದು ನಾಲ್ಕನೆಯದರ ಕೆಲಸ. ಐದನೆಯದು ಬೇಕಾಗುವ ಸಂದರ್ಭ ದಿನನಿತ್ಯದ ಕೆಲಸದಲ್ಲಿ ಅಪರೂಪ. 1983ರಲ್ಲಿ ವಿಲಿಯಂ ಕೆಂಟ್ ಈ ಐದನ್ನೂ ಸರಳವಾಗಿ ವಿವರಿಸುವ ಲೇಖನ ಬರೆದರು. ಪ್ರತಿ ಅಂಶವೂ ಕೀಲಿಯ ಬಗ್ಗೆ, ಪೂರ್ತಿ ಕೀಲಿಯ ಬಗ್ಗೆ, ಕೀಲಿಯೊಂದರ ಬಗ್ಗೆಯೇ ಹೇಳಬೇಕೆಂದು ಇಂಗ್ಲಿಷ್ ನ್ಯಾಯಾಲಯದ ಪ್ರಮಾಣವಚನದ ಧಾಟಿಯಲ್ಲಿ ಅವರು ಹೇಳಿದ್ದು ಎಷ್ಟು ಜನಪ್ರಿಯವಾಯಿತೆಂದರೆ, ಅದರ ಕೊನೆಗೆ ‘ದೇವರ’ ಜಾಗದಲ್ಲಿ ಕಾಡ್‌ರನ್ನು ಕೂರಿಸಿ ಹೇಳುವ ರೂಢಿಯೇ ಬಂತು.

ದೇವರೆನಿಸಿಕೊಂಡವರಿಗೆ ಸ್ವಂತ ಕಂಪನಿಯಲ್ಲಿ ಪೂಜೆ ಸಲ್ಲಲು ಬಹಳ ಕಾಲ ಹಿಡಿಯಿತು. ಐಎಂಎಸ್ ಹಣ ತರುವ ಸರಕಾಗಿತ್ತು, ಅದಕ್ಕೆ ಎದುರಾಳಿಯನ್ನು ಮನೆಯೊಳಗೇ ಸಾಕುವ ಉತ್ಸಾಹ ಐಬಿಎಂಗೆ ಇರಲಿಲ್ಲ. ಆನ್ ಆರ್ಬರಿನ ಅದೇ 1974ರ ಸಮ್ಮೇಳನದಲ್ಲಿ ಬಾಕ್‌ಮನ್ ಮತ್ತು ಕಾಡ್ ಎದುರುಬದುರು ನಿಂತು ವಾದಿಸಿದರು. ಕೋಷ್ಟಕದ ಪದ್ಧತಿ ಅಂದವಾಗಿದೆ, ಆದರೆ ನಿಜವಾದ ಹೊರೆ ಹೊರಲಾರದು ಎಂಬುದು ವಿರೋಧಿಗಳ ಆಕ್ಷೇಪ. ಅದಕ್ಕೆ ಉತ್ತರ ಸಿಕ್ಕಿದ್ದು ಸ್ಯಾನ್ ಹೋಸೆಯ ‘ಸಿಸ್ಟಮ್ ಆರ್’ ಮತ್ತು ಬರ್ಕ್ಲಿಯಲ್ಲಿ ಮೈಕಲ್ ಸ್ಟೋನ್‌ಬ್ರೇಕರ್, ಯೂಜೀನ್ ವಾಂಗ್ ನಡೆಸಿದ ‘ಇಂಗ್ರೆಸ್’ ಎಂಬ ಎರಡು ಪ್ರಯೋಗಗಳಿಂದ. ಪ್ರಕಟವಾದ ಪ್ರಬಂಧಗಳನ್ನು ಓದಿಕೊಂಡ ಹೊರಗಿನ ಪುಟ್ಟ ಕಂಪನಿಯೊಂದು 1979ರಲ್ಲಿ ಒರಾಕಲ್ ಎಂಬ ಸರಕನ್ನು ಮಾರುಕಟ್ಟೆಗೆ ತಂದಿತು. ಐಬಿಎಂ ತನ್ನದನ್ನು ತಂದದ್ದು 1981ರಲ್ಲಿ. ಕಾಡ್‌ರಿಗೆ ಟ್ಯೂರಿಂಗ್ ಪ್ರಶಸ್ತಿ ಬಂದದ್ದೂ ಅದೇ ವರ್ಷ.

ಗೆಲುವಿನಲ್ಲೂ ಅವರಿಗೆ ಸಮಾಧಾನವಿರಲಿಲ್ಲ. ಎಸ್‌ಕ್ಯೂಎಲ್ ಒಂದೇ ಸಾಲನ್ನು ಎರಡು ಸಲ ಬರೆಯಲು ಬಿಡುತ್ತದೆ, ಕೀಲಿಯೇ ಇಲ್ಲದ ಕೋಷ್ಟಕವನ್ನೂ ಒಪ್ಪುತ್ತದೆ; ಗಣವೆಂದ ಮೇಲೆ ಒಂದು ವಸ್ತು ಎರಡು ಸಲ ಇರುವುದು ಹೇಗೆ ಎಂಬುದು ಅವರ ಮುನಿಸು. ಸಂಬಂಧಾತ್ಮಕವೆಂದು ಹೆಸರಿಟ್ಟುಕೊಂಡ ಸರಕುಗಳಲ್ಲಿ ಹೆಚ್ಚಿನವು ಆ ಹೆಸರಿಗೆ ಅರ್ಹವಲ್ಲವೆಂದು 1985ರಲ್ಲಿ ಹನ್ನೆರಡು ನಿಯಮಗಳನ್ನು ಪ್ರಕಟಿಸಿದರು. ಪೂರ್ತಿ ಪಾಲಿಸಿದವರು ವಿರಳ, ಜಾಹೀರಾತಿನಲ್ಲಿ ಬಳಸಿಕೊಂಡವರು ಬಹಳ.

ಇಪ್ಪತ್ತೊಂದನೆಯ ಶತಮಾನಕ್ಕೆ ಗಾಳಿ ಬೇರೆ ಕಡೆ ತಿರುಗಿತು. ವರ್ಷಗಟ್ಟಲೆಯ ಮಾರಾಟದ ಲೆಕ್ಕವನ್ನು ವಿಶ್ಲೇಷಿಸುವವರು, ಒಮ್ಮೆ ಬರೆದದ್ದನ್ನು ಮತ್ತೆ ತಿದ್ದುವುದಿಲ್ಲವಾದ್ದರಿಂದ, ಬೇಕೆಂದೇ ಪುನರುಕ್ತಿಯನ್ನು ಒಪ್ಪಿಕೊಂಡರು. ಅದರಲ್ಲಿ ತಪ್ಪಿಲ್ಲ, ತಿದ್ದುಪಡಿಯೇ ಇಲ್ಲದಲ್ಲಿ ತಿದ್ದುಪಡಿಯ ದೋಷವೂ ಇಲ್ಲ. ಗೂಗಲ್ 2006ರಲ್ಲಿ, ಅಮೆಜಾನ್ 2007ರಲ್ಲಿ ತಮ್ಮ ಭಾರೀ ವ್ಯವಸ್ಥೆಗಳ ಬಗ್ಗೆ ಪ್ರಬಂಧ ಪ್ರಕಟಿಸಿದ ಮೇಲೆ, ಸಾವಿರಾರು ಯಂತ್ರಗಳಲ್ಲಿ ಹರಡಿದ ದತ್ತಕ್ಕೆ ಕೋಷ್ಟಕಗಳ ಹೊಂದಾಣಿಕೆ ಭಾರವೆಂಬ ಮಾತು ಬಲಗೊಂಡಿತು. ‘ಡಾಕ್ಯುಮೆಂಟ್’ ಪದ್ಧತಿಯ ಸಂಚಯಗಳು ಬಂದವು. ಅವುಗಳ ಒಂದು ದಾಖಲೆಯನ್ನು ತೆರೆದು ನೋಡಿದರೆ ನೌಕರನ ಹೊಟ್ಟೆಯಲ್ಲಿ ಹುದ್ದೆ, ಹುದ್ದೆಯ ಹೊಟ್ಟೆಯಲ್ಲಿ ಸಂಬಳ, ಪಕ್ಕದಲ್ಲಿ ಮಕ್ಕಳು. ಕಾಡ್ 1970ರಲ್ಲಿ ಬಿಡಿಸಿ ತೋರಿಸುವ ಮುನ್ನ ಬರೆದ ಚಿತ್ರವೇ ಅದು. ಹುಡುಗರು ಹೊಸದೆಂದು ಕೈಗೆತ್ತಿಕೊಳ್ಳುತ್ತಾರೆ, ಕೆ‌ಲವು ವರ್ಷಗಳಾದ ಮೇಲೆ ಒಂದೇ ವಿಳಾಸ ಮೂರು ಕಡೆ ಮೂರು ಬಗೆಯಲ್ಲಿ ಕಂಡಾಗ ಹಳೆಯ ಪುಸ್ತಕ ಹುಡುಕುತ್ತಾರೆ.

ಕಾಡ್ ತೀರಿಕೊಂಡದ್ದು 2003ರ ಏಪ್ರಿಲ್ 18ರಂದು, ಫ್ಲಾರಿಡಾದಲ್ಲಿ. ಅದೇ ವರ್ಷ ಹೊರಬಂದ ಎಸ್‌ಕ್ಯೂಎಲ್ ಮಾನಕದ ಹೊಸ ಆವೃತ್ತಿಯಲ್ಲಿ, ಕೋಷ್ಟಕದ ಒಂದೇ ಮನೆಯೊಳಗೆ ಮೌಲ್ಯಗಳ ಇಡೀ ಗುಂಪನ್ನು, ಬೇಕಿದ್ದರೆ ಸಾಲುಗಳ ಗುಂಪನ್ನೇ, ಇಡುವುದಕ್ಕೆ ಅವಕಾಶ ಸೇರಿತ್ತು.